ಬೀಪಿಯವಳ ಸಾರು

ಜೂನ್ ೧೧, ಬುಧವಾರ

ರಸಗೊಬ್ಬರದ ಅಂಗಡಿಯವರು ಜನವರಿಯಲ್ಲಿ ಹಂಚಿದ ಡೈರಿ ಇದು. ಗೇಣು ಜಮೀನಿಲ್ಲದ ನನಗೆ ಅವರು ಯಾಕೆ ಕೊಟ್ಟರೋ, ನಾನು ಯಾಕೆ ಇಸಿದುಕೊಂಡೆನೋ. ಅರ್ಧ ವರ್ಷ ಕಪಾಟಿನಲ್ಲಿ ಬಿದ್ದಿತ್ತು. ಇವತ್ತು ಮಂಡ್ಯದಿಂದ ಬಂದವಳಿಗೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಹೇಳಿಕೊಳ್ಳುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗಿರುವ ಕಾಯಿಲೆಯ ಹೆಸರನ್ನು ಇಲ್ಲೂ ಬರೆಯುವುದಿಲ್ಲ. ಇಂಗ್ಲಿಷಿನ ಮೂರಕ್ಷರ, ಮೊದಲನೆಯದು ಎಚ್. ಅಷ್ಟು ಸಾಕು. ನನ್ನ ಗಂಡ ಬೆಲ್ಲದ ಟೆಂಪೋ ಓಡಿಸುತ್ತಿದ್ದ. ಅವನಿಂದ ನನಗೆ ಬಂತು, ಅವನು ಹೋದ, ನಾನು ಉಳಿದೆ. ಮಕ್ಕಳಾಗಲಿಲ್ಲ. ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ. ರಕ್ತದಲ್ಲಿ ಈಗ ವೈರಸ್ಸು ಹುಡುಕಿದರೂ ಸಿಗುವುದಿಲ್ಲ ಎಂದು ಡಾಕ್ಟರೇ ಬೆನ್ನು ತಟ್ಟಿದ್ದಾರೆ.

ಮಾತ್ರೆ ಮಳವಳ್ಳಿಯಲ್ಲೂ ಸಿಗುತ್ತದೆ. ಆದರೆ ಅಲ್ಲಿ ಆಸ್ಪತ್ರೆ ಮುಂದೆ ಸೊಪ್ಪು ಮಾರುವವಳಿಂದ ಹಿಡಿದು ಚೀಟಿ ಬರೆಯುವವನವರೆಗೆ ಎಲ್ಲರೂ ನಮ್ಮ ಕಡೆಯವರೇ. ಅದಕ್ಕೆ ಹಲಗೂರಿನಲ್ಲಿ ಬಸ್ಸು ಹತ್ತಿ, ಮದ್ದೂರಿನಲ್ಲಿ ಬದಲಾಯಿಸಿ, ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗುತ್ತೇನೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅದೂ ಕಷ್ಟವಾಗಿದೆ. ಊರಿನ ಅರ್ಧ ಜನ ಬಸ್ಸಿನಲ್ಲೇ ಇರುತ್ತಾರೆ. ಯಾರು ಕೇಳಿದರೂ ಬೀಪಿ ಮಾತ್ರೆಗೆ ಹೋಗುತ್ತಿದ್ದೇನೆ ಅನ್ನುತ್ತೇನೆ. ಊರಿಗೆಲ್ಲ ನಾನು ಬೀಪಿ ಇಂದ್ರಮ್ಮ.

ಇಷ್ಟೊಂದು ಮುಚ್ಚಿಡುವುದಕ್ಕೆ ಕಾರಣ ಇದೆ. ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು ನಾನು. ಮಕ್ಕಳ ಅನ್ನಕ್ಕೆ ಕೈ ಹಾಕುವವಳಿಗೆ ಎಚ್ ಇದೆ ಎಂದು ಗೊತ್ತಾದರೆ ಮಾರನೇ ದಿನ ಶಾಲೆಯ ಗೇಟಿನಲ್ಲಿ ಯಾರ್ಯಾರು ನಿಂತಿರುತ್ತಾರೆ ಅಂತ ಹೆಸರು ಹಿಡಿದು ಹೇಳಬಲ್ಲೆ.

ಇವತ್ತಿನ ವಿಷಯ. ಆಸ್ಪತ್ರೆಗೆ ಮಂಜುಶ್ರೀ ಅಂತ ಒಬ್ಬಳು ಹುಡುಗಿ ಬಂದಿದ್ದಾಳೆ, ಮದ್ದೂರಿನವಳು. ಸಂಶೋಧನೆ ಕೆಲಸವಂತೆ. ನಮ್ಮಂಥವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರು ಬೇರೆ ಹೆಂಗಸರಿಗಿಂತ ಹೆಚ್ಚಾಗಿ ಬರುತ್ತದಂತೆ. ಅದನ್ನು ತರುವುದೂ ಒಂದು ವೈರಸ್ಸು, ಅದರ ಹೆಸರೂ ಎಚ್ಚಿನಿಂದಲೇ ಶುರು. ಈ ಅಕ್ಷರಕ್ಕೂ ನನಗೂ ಯಾವ ಜನ್ಮದ ಋಣವೋ. ಕ್ಯಾನ್ಸರು ಆಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಆ ವೈರಸ್ಸನ್ನು ಹುಡುಕಿ, ಕೆಟ್ಟ ಜಾಗ ಇದ್ದರೆ ತೆಗೆದುಹಾಕಬಹುದು. ಹುಡುಕುವುದಕ್ಕೆ ನಮ್ಮಂಥವರಿಗೆ ಯಾವ ದಾರಿ ಸುಲಭ ಎಂದು ಇವರು ನೋಡುತ್ತಿದ್ದಾರೆ.

ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥದ್ದೊಂದನ್ನು ಕೊಟ್ಟಳು. ಬಚ್ಚಲಿಗೆ ಹೋಗಿ ನಾವೇ ಒಳಗಿನಿಂದ ಸ್ಯಾಂಪಲ್ ತೆಗೆದು ಕೊಡಬೇಕು. ನಾಚಿಕೆಯಾಯಿತು, ಆದರೂ ಬೇರೆಯವರ ಮುಂದೆ ಮಲಗುವುದಕ್ಕಿಂತ ವಾಸಿ. ಆಮೇಲೆ ರಿಪೋರ್ಟು ಹೇಳುವುದಕ್ಕೆ ಮನೆಗೆ ಬರಬಹುದಾ ಎಂದು ಕೇಳಿದಳು. ಬಂದರೆ ಕಾಲು ಮುರಿಯುತ್ತೇನೆ ಅಂದೆ. ಫೋನು ಮಾಡಬಹುದಾ ಅಂದಳು. ಮಾಡು, ಉದ್ದ ಮಾತಾಡಬೇಡ ಅಂದೆ.

ಜೂನ್ ೧೬, ಸೋಮವಾರ

ಬೀಪಿ ಅಂತ ಸುಳ್ಳು ಹೇಳಿದ ತಪ್ಪಿಗೆ ನಾನು ತಿನ್ನುವುದು ಸಪ್ಪೆ ಸಾರು.

ನನ್ನ ಜೊತೆ ಅಡುಗೆ ಮಾಡುವವಳು ಮಂಚಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಶಾಲೆಯ ಬೆಲ್ಲು ಕೇಳಿಸದ ಕಡೆಗೂ ಅವಳ ದನಿ ಕೇಳಿಸುತ್ತದೆ. ನಾನು ಕೆಲಸಕ್ಕೆ ಸೇರಿದ ವರ್ಷವೇ ಬೀಪಿ ವಿಷಯ ಅವಳ ಕಿವಿಗೆ ಬಿತ್ತು. ಅವತ್ತಿನಿಂದ ಸಾರಿಗೆ ಉಪ್ಪು ಹಾಕುವ ಮುಂಚೆ ಒಂದು ದೊಡ್ಡ ಸೌಟು ತೆಗೆದು ನನ್ನ ಬಟ್ಟಲಿಗೆ ಹಾಕಿಡುತ್ತಾಳೆ. ಇವತ್ತು ಕದ್ದು ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಲು ಹೋದೆ. ಕೈ ಮೇಲೆ ಸೌಟಿನಿಂದ ಹೊಡೆದಳು.

"ಸಾಯ್ಬೇಕು ಅಂತಿದ್ದೀಯೇನಮ್ಮಿ? ಬೀಪಿ ಇರೋರ್ಗೆ ಉಪ್ಪು ಅಂದ್ರೆ ಇಸ ಕಣೆ."

"ಒಂದೀಟು ಕಣಕ್ಕ."

"ಒಂದೀಟೂ ಇಲ್ಲ, ಅರ್ದ ಈಟೂ ಇಲ್ಲ. ತಿನ್ನು ಸುಮ್ಕೆ."

ಉಪ್ಪಿಲ್ಲದ ಬೇಳೆ ಸಾರು ತಿಂದವರಿಗೇ ಗೊತ್ತು. ಆದರೆ ನನ್ನ ಪಾಲಿಗೆ ಅಂತ ಬೇರೆ ಎತ್ತಿಡುವವರು ಈ ಲೋಕದಲ್ಲಿ ಇವಳೊಬ್ಬಳೇ. ಅದನ್ನು ನೆನೆದುಕೊಂಡು ನುಂಗುತ್ತೇನೆ. ನನ್ನ ನಿಜ ಗೊತ್ತಾದ ದಿನ ಸೌಟು ಎತ್ತುವುದಿರಲಿ, ಬಟ್ಟಲನ್ನೇ ಬೀದಿಗೆ ಎಸೆಯುತ್ತಾಳೆ.

ಜುಲೈ ೩, ಗುರುವಾರ

ಮಂಜುಶ್ರೀ ಫೋನು ಮಾಡಿದ್ದಳು, ಸರಿಯಾಗಿ ಊಟದ ಹೊತ್ತಿಗೆ. ನಾನೂ ಮಂಚಕ್ಕನೂ ಕೂತು ಮೊಟ್ಟೆ ಸುಲಿಯುತ್ತಿದ್ದೆವು. ಹೊರಗೆ ನಲ್ಲಿ ಹತ್ತಿರ ಮಕ್ಕಳು ತಟ್ಟೆ ಬಡಿದು ಯುದ್ಧ ಮಾಡುತ್ತಿದ್ದವು.

"ಅಕ್ಕ, ನಿಮ್ಮ ರಿಪೋರ್ಟು ಬಂತು. ಎಚ್..." ತಟ್ಟೆಗಳು ಢಣಢಣ ಅಂದವು. "...ಪಾಸಿಟಿವ್ ಬಂದಿದೆ. ಹೆದರಬೇಡಿ, ಬೇಗ ಒಂದ್ಸಲ ಬನ್ನಿ."

"ಗೊತ್ತು ಕಣಮ್ಮ. ಅದೇನ್ ಹೊಸ್ದಾ?" ಎಂದು ಇಟ್ಟುಬಿಟ್ಟೆ.

"ಯಾರಮ್ಮಿ ಅದು?" ಮಂಚಕ್ಕ ಕೇಳಿದಳು. ಸಿಮ್ಮಿನ ಕಂಪನಿಯವರು ಅಂದೆ.

ಇದು ಇವರ ಸಂಶೋಧನೆ! ಹನ್ನೊಂದು ವರ್ಷದ ಹಿಂದೆ ಹೇಳಿ ಮುಗಿಸಿದ್ದನ್ನು ಈಗ ಬ್ರಷ್ಷು ಕೊಟ್ಟು, ಬಾಟಲಿಗೆ ಹಾಕಿ, ಮೂರು ವಾರ ಕಾಯಿಸಿ ಮತ್ತೆ ಹೇಳುತ್ತಿದ್ದಾರೆ. ನನಗೆ ಮರೆತುಹೋಗಿರಬಹುದು ಅಂತ ಹೆದರಿಕೆಯೋ ಏನೋ.

ಜುಲೈ ೮, ಮಂಗಳವಾರ

ಮತ್ತೆ ಫೋನು. ಎತ್ತಲಿಲ್ಲ. 'ದಯವಿಟ್ಟು ಕರೆ ಮಾಡಿ' ಎಂದು ಮೆಸೇಜು. ಮಾಡಲಿಲ್ಲ. ಮಂಚಕ್ಕ ಫೋನಿನ ಕಡೆಗೇ ಕಣ್ಣಿಟ್ಟಿದ್ದಳು. ನಂಬರನ್ನು ಬ್ಲಾಕ್ ಮಾಡಿದೆ. ಹೇಗೆ ಮಾಡುವುದು ಅಂತ ಏಳನೇ ಕ್ಲಾಸಿನ ಹುಡುಗಿ ಹೇಳಿಕೊಟ್ಟಳು.

ಜುಲೈ ೨೨, ಮಂಗಳವಾರ

ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು. ಬೇರೆಯವರ ಮುಂದೆ ನಗುವ ಹಾಗೂ ಇಲ್ಲ.

ಆರೋಗ್ಯ ಕೇಂದ್ರದ ಸಿಸ್ಟರು ಶಾಲೆಗೆ ಬಂದಿದ್ದರು. ಮಕ್ಕಳ ತೂಕ ನೋಡಿದ ಮೇಲೆ ಅಡುಗೆಯವರಿಗೂ ಬೀಪಿ ನೋಡಿದರು. ನನ್ನದು ಅಚ್ಚುಕಟ್ಟಾಗಿತ್ತು. "ಏನೂ ತೊಂದರೆ ಇಲ್ವಲ್ಲಮ್ಮ, ಬಹಳ ಚೆನ್ನಾಗಿದೆ" ಎಂದರು. ಇನ್ನು ಎಲ್ಲ ಬಯಲಾಯಿತು ಅಂದುಕೊಂಡೆ. ಮಂಚಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡು ಸಿಸ್ಟರ ಮುಂದೆ ನಿಂತಳು.

"ಚೆನ್ನಾಗಿರ್ದೆ ಏನಾದದು? ಏಳ್ ವರ್ಸದಿಂದ ಉಪ್ಪು ಮುಟ್ಟಕ್ ಬುಟ್ಟಿಲ್ಲ ನಾನು!"

ಸಿಸ್ಟರು ಭೇಷ್ ಎಂದರು. ಮಂಚಕ್ಕನಿಗೆ ಬೀಪಿ ಜಾಸ್ತಿ ಇತ್ತು. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆಗಸ್ಟ್ ೧೩, ಬುಧವಾರ

ಮಾತ್ರೆ ಮುಗಿಯುತ್ತಾ ಬಂದಿತ್ತು, ಮಂಡ್ಯಕ್ಕೆ ಹೋದೆ. ಮಾತ್ರೆ ಕೊಡುವ ಕೋಣೆಯ ಬಾಗಿಲಲ್ಲೇ ಮಂಜುಶ್ರೀ ಹಿಡಿದುಕೊಂಡಳು.

"ಅಕ್ಕ, ಎಷ್ಟು ಸಲ ಫೋನು ಮಾಡೋದು ನಿಮಗೆ?"

"ಇರೋ ವಿಸ್ಯಾನೇ ಎಷ್ಟ್ ಸಲ ಯೋಳ್ತೀಯವ್ವ ನೀನು?"

"ಇರೋ ವಿಷಯ ಯಾವುದು?"

"ಪಾಸಿಟಿವ್ ಅಂತ. ಅದ್ ಗೊತ್ತಾಗಿ ಹನ್ನೊಂದು ವರ್ಸ ಆಯ್ತು ಕಣಮ್ಮ."

ಹುಡುಗಿ ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ದನಿ ತಗ್ಗಿಸಿದಳು. "ಅಕ್ಕ, ನಾನು ಹೇಳಿದ್ದು ಅದಲ್ಲ. ನಡುವಿನ ಅಕ್ಷರ ಐ ಅಲ್ಲ, ಪಿ. ಎಚ್‌ಪಿವಿ. ಗರ್ಭಕೋಶದ ಬಾಯಲ್ಲಿ ಇರೋ ವೈರಸ್ಸು. ಅದು ನಿಮಗೆ ಪಾಸಿಟಿವ್ ಬಂದಿದೆ."

ನಡುವಿನ ಅಕ್ಷರ. ಅದು ತಟ್ಟೆಯ ಸದ್ದಿನಲ್ಲಿ ಹೋಯಿತು, ಮಿಕ್ಕಿದ್ದು ನನ್ನ ಜಂಭದಲ್ಲಿ ಹೋಯಿತು. ನನಗೆ ಎಲ್ಲ ಗೊತ್ತು ಅನ್ನುವ ಜಂಭ.

ಇವತ್ತೇ ನೋಡಿಬಿಡೋಣ ಎಂದು ಡಾಕ್ಟರ್ ಚೈತನ್ಯಾ ಒಳಗೆ ಕರೆದರು. ಚಿಕ್ಕ ವಯಸ್ಸಿನವರು, ಮೆಲ್ಲಗೆ ಮಾತಾಡುತ್ತಾರೆ. ಗರ್ಭಕೋಶದ ಬಾಯಿಗೆ ಏನೋ ಹುಳಿ ನೀರು ಹಚ್ಚಿದರು. ಕೋಣೆಯೆಲ್ಲ ಗೋಬಿ ಮಂಚೂರಿ ಗಾಡಿಯ ವಾಸನೆ. "ವಿನೆಗರ್ ಅಲ್ವಾ ಮೇಡಂ?" ಎಂದೆ. ಹೌದು ಎಂದು ನಕ್ಕರು. ಅದು ತಗುಲಿದರೆ ಕೆಟ್ಟ ಜಾಗ ಬೆಳ್ಳಗಾಗಿ ಕಾಣುತ್ತದಂತೆ. ನನ್ನದು ಬೆಳ್ಳಗಾಯಿತು. ಆಮೇಲೆ ಅವರು ನಗಲಿಲ್ಲ. ಅಕ್ಕಿಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇರುವೆ ಕಚ್ಚಿದಷ್ಟು ನೋವಾಯಿತು.

"ಕ್ಯಾನ್ಸರಾ?" ಎಂದು ನೇರವಾಗಿ ಕೇಳಿದೆ.

"ಕ್ಯಾನ್ಸರ್ ಥರ ಕಾಣ್ತಿಲ್ಲ. ಮುಂದೆ ಆಗಬಹುದಾದ ಜಾಗ ಇರಬೇಕು. ರಿಪೋರ್ಟ್ ಬರಲಿ, ಖಚಿತವಾಗಿ ಹೇಳ್ತೀನಿ" ಎಂದರು.

ಮಂಜುಶ್ರೀ ಕಣ್ಣಲ್ಲಿ ನೀರು ಹಾಕಿಕೊಂಡಳು. ಕೇಳಿಸಿತಾ ಅಂತ ತಾನು ಕೇಳಬೇಕಿತ್ತಂತೆ. ಅವಳನ್ನು ನಾನೇ ಸಮಾಧಾನ ಮಾಡಬೇಕಾಯಿತು. ಇನ್ನು ಮೇಲೆ ಫೋನಿನಲ್ಲಿ ಗುಟ್ಟಿನ ಮಾತು ಇಟ್ಟುಕೊಳ್ಳೋಣ ಅಂದೆ. ಅಡುಗೆಮನೆಯವಳಿಗೆ ಅಡುಗೆಮನೆಯ ಮಾತು. ರಿಪೋರ್ಟಿನಲ್ಲಿ ಏನೂ ಇಲ್ಲದಿದ್ದರೆ 'ಅಕ್ಕಿ ಬಂದಿದೆ' ಅನ್ನಬೇಕು. ಇದ್ದರೆ 'ಬೇಳೆ ಬಂದಿದೆ' ಅನ್ನಬೇಕು. ಬೇಳೆ ಅಂದರೆ ನಾನು ಮಂಡ್ಯಕ್ಕೆ ಹೋಗಬೇಕು.

ನಂಬರಿನ ಬ್ಲಾಕನ್ನು ಅವಳೇ ತೆಗೆದಳು.

ಆಗಸ್ಟ್ ೧೪, ಗುರುವಾರ

ಒಂದು ಮಗುವಿಗೂ ಜಾಗ ಕೊಡದ ಗರ್ಭಕೋಶ. ಈಗ ಇದಕ್ಕೆ ಜಾಗ ಕೊಟ್ಟಿದೆ. ಬಯ್ಯೋಣ ಅಂದರೆ ಅದೂ ನನ್ನದೇ. ಸಾಯುವುದಕ್ಕೆ ಭಯವಾಗುತ್ತಿದೆ. ಹನ್ನೊಂದು ವರ್ಷದ ಹಿಂದೆ ಇಷ್ಟು ಭಯವಾಗಿರಲಿಲ್ಲ.

ಆಗಸ್ಟ್ ೧೫, ಶುಕ್ರವಾರ

ಬಾವುಟ ಹಾರಿಸಿದರು. ಕೇಸರಿಬಾತು ಮಾಡಿದೆವು. ತಳ ಹತ್ತಿತು. ಮಂಚಕ್ಕ ಎರಡು ಸಲ ನನ್ನ ಹಣೆ ಮುಟ್ಟಿ ನೋಡಿದಳು.

ಆಗಸ್ಟ್ ೩೦, ಶನಿವಾರ

ಬೇಳೆ ಬಂತು.

ಪಾತ್ರೆ ತೊಳೆಯುತ್ತಿದ್ದೆವು. ಕೈಯೆಲ್ಲ ಸೋಪು ಅಂತ ಮಂಚಕ್ಕನೇ ಫೋನನ್ನು ನನ್ನ ಕಿವಿಗೆ ಹಿಡಿದಳು. "ಅಕ್ಕ, ಬೇಳೆ ಬಂದಿದೆ" ಎಂದಳು ಮಂಜುಶ್ರೀ. "ಹೆದರೋಂಥ ಬೇಳೆ ಅಲ್ಲ. ಇನ್ನೂ ಬಲಿತಿಲ್ಲ. ತೆಗೆದುಬಿಡಬಹುದು. ಆಮೇಲೆ ಒಬ್ಬರೇ ಇದ್ದಾಗ ಮಾಡಿ."

ಮಂಚಕ್ಕನಿಗೆ ಎಲ್ಲ ಕೇಳಿಸಿತ್ತು. "ಬೇಳೆ ಬಂತಾ? ಎಲ್ಲಮ್ಮಿ ಬೇಳೆ? ಮೇಷ್ಟ್ರು ಯೋಳ್ಲೇ ಇಲ್ಲ!" ಎಂದು ಸ್ಟೋರು ರೂಮಿನ ಕಡೆ ಹೊರಟೇಬಿಟ್ಟಳು. ನನಗೆ ಅಳು ಬರಬೇಕಿತ್ತು, ನಗು ಬಂತು.

ಗುಡಿ ಹಿಂದಿನ ಕಟ್ಟೆಯಿಂದ ಫೋನು ಮಾಡಿದೆ. ಕ್ಯಾನ್ಸರಲ್ಲ. ಬಿಟ್ಟರೆ ಆಗುತ್ತದೆ. ಸೆಪ್ಟೆಂಬರ್ ಹತ್ತಕ್ಕೆ ಬರಬೇಕು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ತಂತಿಯ ಉಂಗುರದಿಂದ ಆ ಜಾಗವನ್ನು ಕೆತ್ತಿ ತೆಗೆಯುತ್ತಾರೆ, ಅವತ್ತೇ ಮನೆಗೆ ಕಳಿಸುತ್ತಾರೆ. ಆದರೆ ಜೊತೆಗೆ ಒಬ್ಬರು ಇರಲೇಬೇಕಂತೆ.

"ಯಾರೂ ಇಲ್ಲ ನಂಗೆ" ಅಂದೆ.

"ಒಬ್ಬರಾದ್ರೂ ಇರ್ತಾರೆ ಅಕ್ಕ, ಯೋಚನೆ ಮಾಡಿ" ಅಂದಳು.

ಸೆಪ್ಟೆಂಬರ್ ೩, ಬುಧವಾರ

ಯೋಚನೆ ಮಾಡಿದೆ. ತವರಿನಲ್ಲಿ ಅಣ್ಣ ಇದ್ದಾನೆ, ನನ್ನ ಗಂಡ ಸತ್ತ ಮೇಲೆ ನನ್ನ ಲೋಟವನ್ನು ಬೇರೆ ಇಟ್ಟವನು. ಗಂಡನ ಕಡೆಯವರು ಮಾತಾಡಿಸುವುದಿಲ್ಲ. ಹತ್ತನೇ ತಾರೀಕು ಹೋಗುವುದೇ ಬೇಡ ಅನ್ನಿಸುತ್ತಿದೆ. ಮುಂದೆ ಆಗಬಹುದಾದದ್ದು ತಾನೇ, ಮುಂದೆಯೇ ನೋಡಿಕೊಳ್ಳೋಣ. ಹೀಗೆ ಬರೆದರೆ ಸುಲಭವಾಗಿ ಕಾಣುತ್ತದೆ.

ಸೆಪ್ಟೆಂಬರ್ ೮, ಸೋಮವಾರ

ಮಂಚಕ್ಕನನ್ನು ಕೇಳಿದೆ. ಬೀಪಿ ಏರುಪೇರಾಗಿದೆ, ಮಂಡ್ಯಕ್ಕೆ ಜೊತೆಗೆ ಬರುತ್ತೀಯಾ ಅಂದೆ. ಮುಖ ನೋಡುತ್ತಾ ಹಸಿ ಸುಳ್ಳು ಹೇಳಿದೆ.

"ಕೇಳೋದ್ಯಾಕೆ? ಬತ್ತೀನಿ ನಡಿ. ಅವತ್ತಿನ ಅಡ್ಗೆಗೆ ನನ್ ಸೊಸೇನ ಬುಡ್ತೀನಿ" ಅಂದಳು.

ಸೆಪ್ಟೆಂಬರ್ ೧೦, ಬುಧವಾರ

ಮಲಗಿಕೊಂಡೇ ಬರೆಯುತ್ತಿದ್ದೇನೆ. ಹೊಟ್ಟೆಯ ಕೆಳಗೆ ಸ್ವಲ್ಪ ನೋವಿದೆ, ಮುಟ್ಟಿನ ನೋವಿನ ಹಾಗೆ.

ಮಂಚಕ್ಕ ಬಸ್ಸಿನಲ್ಲಿ ಪರಿಚಯದವರಿಗೆಲ್ಲ ಕೂಗಿ ಹೇಳಿದಳು: "ಇವಳ್ ಬೀಪಿಗೆ ಓಯ್ತಾ ಇದ್ದೀವಿ!" ಆಸ್ಪತ್ರೆಯಲ್ಲಿ ಹೆಂಗಸರ ವಿಭಾಗದ ಬೆಂಚಿನ ಮೇಲೆ ಕೂತ ಮೇಲೆ ಅವಳಿಗೆ ಅನುಮಾನ ಬಂತು. ಗೋಡೆಯಲ್ಲೆಲ್ಲ ಗರ್ಭಕೋಶದ ಚಿತ್ರ.

"ಬೀಪಿಗೆ ಇಲ್ಯಾಕಮ್ಮಿ?"

ಅರ್ಧ ಹೇಳಿದೆ. ಗರ್ಭಕೋಶದ ಬಾಯಲ್ಲಿ ಕೆಟ್ಟ ಜಾಗ ಇದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಇವತ್ತು ತೆಗೆಯುತ್ತಾರೆ. ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಗೋಡೆಯ ಚಿತ್ರದ ಕಡೆ ಕೈ ತೋರಿಸಿದಳು.

"ವೈದ್ಯನಾಥಪುರಕ್ಕೆ ಕೊಟ್ಟಿದ್ರಲ್ಲ ನನ್ ತಂಗಿ, ಅವ್ಳು ಇದ್ರಲ್ಲೇ ಓದ್ಳು. ಮುಟ್ಟು ನಿಂತ್ ಮ್ಯಾಲೆ ರಕ್ತ ಓಯ್ತಿತ್ತು. ನಾಚ್ಕೆಗೆ ಯಾರ್ಗೂ ಯೋಳ್ನಿಲ್ಲ. ವೈದ್ಯನಾಥಪ್ಪಂಗೆ ಅರಕೆ ಕಟ್ಕೊಂಡ್ಳು. ಡಾಕ್ಟ್ರ ತಾವ ಓಗೋ ಒತ್ಗೆ ಮುಗ್ದೋಗಿತ್ತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ನೀನು ಬಂದಿದ್ದೀಯಲ್ಲ. ಒಳ್ಳೇದ್ ಮಾಡ್ದೆ ಬುಡು."

ಪಕ್ಕದಲ್ಲಿ ಮಳವಳ್ಳಿ ಕಡೆಯ ಚಿಕ್ಕ ಹುಡುಗಿಯೊಬ್ಬಳು ನಡುಗುತ್ತಾ ಕೂತಿದ್ದಳು. ಅವಳಿಗೂ ಇವತ್ತೇ ಪರೀಕ್ಷೆ. ಫೋನಿನಲ್ಲಿ ಪಾಸಿಟಿವ್ ಅಂದಾಗ ಅವಳೂ 'ಗೊತ್ತು' ಎಂದು ಇಟ್ಟುಬಿಟ್ಟಿದ್ದಳಂತೆ. ನಾನು ತಪ್ಪು ತಿಳಿದುಕೊಂಡದ್ದು ಗೊತ್ತಾದ ಮೇಲೆ ಮಂಜುಶ್ರೀ, ಕರೆದರೂ ಬಾರದೆ ಉಳಿದವರಿಗೆಲ್ಲ ಮತ್ತೆ ಫೋನು ಮಾಡಿದಳಂತೆ, ಈ ಸಲ ಪಾಸಿಟಿವ್ ಅನ್ನುವ ಪದವನ್ನೇ ಎತ್ತದೆ. ಗರ್ಭಕೋಶದ ಬಾಯಿ ನೋಡಬೇಕು ಬನ್ನಿ, ನಾನು ಹೇಳಿದ್ದು ಏನು ಅಂತ ಒಂದ್ಸಲ ನೀವೇ ಹೇಳಿ ಅಂತ ಕೇಳಿದಳಂತೆ. 'ಗೊತ್ತು' ಎಂದಿದ್ದವರು ನಾವಿಬ್ಬರೇ ಅಲ್ಲ, ಇನ್ನೂ ಇದ್ದರು. ಡಾಕ್ಟರ್ ಚೈತನ್ಯಾ ಇನ್ನು ಎಲ್ಲರಿಗೂ ಹೀಗೇ ಹೇಳಬೇಕು ಎಂದು ಬರೆದಿಟ್ಟಿದ್ದಾರಂತೆ. ಆ ಹುಡುಗಿಗೆ, ಏನೂ ಇಲ್ಲ ಕಣಮ್ಮ, ಗೋಬಿ ಗಾಡಿ ವಾಸನೆ ಬರುತ್ತೆ ಅಷ್ಟೇ, ಕಣ್ಣು ಮುಚ್ಚಿಕೊಂಡು ಗೋಬಿ ನೆನೆಸಿಕೋ ಅಂದೆ. ಪಾಪ, ನಕ್ಕಿತು. ಅವಳು ಒಳಗೆ ಹೋಗುವವರೆಗೂ ಅವಳ ಕೈ ನನ್ನ ಕೈಯಲ್ಲೇ ಇತ್ತು.

ನನ್ನದು ಬೇಗ ಮುಗಿಯಿತು. ತೆಗೆದದ್ದನ್ನು ಮತ್ತೆ ಪರೀಕ್ಷೆಗೆ ಕಳಿಸಿದ್ದಾರೆ. ಅಂಚಿನಲ್ಲಿ ಕೆಟ್ಟದ್ದು ಉಳಿದಿಲ್ಲ ಅಂತ ಬಂದರೆ ಗೆದ್ದ ಹಾಗೆ. ಒಂದು ತಿಂಗಳು ಭಾರ ಎತ್ತುವ ಹಾಗಿಲ್ಲ.

"ಡಬರಿ ಮುಟ್ಟು, ನೋಡ್ಕೊತೀನಿ ನಿನ್ನ" ಎಂದಳು ಮಂಚಕ್ಕ.

ಸೆಪ್ಟೆಂಬರ್ ೧೫, ಸೋಮವಾರ

ಅನ್ನದ ಡಬರಿ, ಸಾರಿನ ಡಬರಿ, ನೀರಿನ ಕೊಡ, ಎಲ್ಲ ಅವಳೇ ಎತ್ತುತ್ತಾಳೆ. ಬೀಪಿ ಜಾಸ್ತಿ ಇರುವವಳು ಅವಳು. ನಾನು ಕೂತು ಸೊಪ್ಪು ಬಿಡಿಸುತ್ತೇನೆ. ಮಧ್ಯಾಹ್ನ ಮತ್ತೆ ನನ್ನ ಬಟ್ಟಲಿಗೆ ಸಪ್ಪೆ ಸಾರು ಎತ್ತಿಟ್ಟಳು. ಇವತ್ತು ಅದು ಗಂಟಲಲ್ಲಿ ಇಳಿಯಲಿಲ್ಲ. ಉಪ್ಪಿಲ್ಲ ಅಂತ ಅಲ್ಲ.

ಸೆಪ್ಟೆಂಬರ್ ೧೯, ಶುಕ್ರವಾರ

ನಾಳೆಯಿಂದ ದಸರಾ ರಜೆ. ಮಕ್ಕಳು ಊಟ ಮಾಡಿ ಹೋಗಿದ್ದವು. ಮಿಕ್ಕಿದ ಮೊಟ್ಟೆ ಸುಲಿಯುತ್ತಾ ಕೂತಿದ್ದೆವು. ಫೋನು ಬಂತು.

"ಅಕ್ಕ, ಅಕ್ಕಿ ಬಂದಿದೆ! ಅಂಚೆಲ್ಲ ಕ್ಲೀನಾಗಿದೆ. ಮುಂದಿನ ವರ್ಷ ಒಂದ್ಸಲ ತೋರಿಸಿದ್ರೆ ಸಾಕು. ಅಕ್ಕಿ ಅಕ್ಕ, ಅಕ್ಕಿ!"

ಅತ್ತುಬಿಟ್ಟೆ. ಮಂಚಕ್ಕ ಗಾಬರಿಯಾದಳು. "ಅಕ್ಕಿ ಬಂದ್ರೆ ಅಳ್ತಾರೇನಮ್ಮಿ? ರಜಾ ಕೊಡೋ ದಿನ ಅಕ್ಕಿ ಯಾವನು ಕಳ್ಸಿದ್ದು?" ಅಂದಳು.

ಅಕ್ಕಿ ಅಂದರೆ ಏನು, ಬೇಳೆ ಅಂದರೆ ಏನು ಅಂತ ಹೇಳಿದೆ. ನಕ್ಕಳು. ನನ್ನ ಬೆನ್ನಿಗೆ ಗುದ್ದಿದಳು. "ಇದ್ಕೇನು ಗುಟ್ಟು? ಎಂಗ್ಸರ ಕಾಯ್ಲೆ ತಾನೆ?" ಅಂದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ಗೆದ್ದಾಗಿತ್ತು. ಆದರೆ ಅವಳ ಭುಜದ ಮೇಲೆ ಡಬರಿಯ ಮಸಿ ಇತ್ತು, ನನ್ನ ಪಾಲಿನ ಡಬರಿಯದು. ಬಾಯಿಗೆ ಬಂದುಬಿಟ್ಟಿತು.

"ಮಂಚಕ್ಕ, ನಂಗೆ ಬೀಪಿ ಇಲ್ಲ. ಎಚ್‌ಐವಿ ಅದೆ. ಮಂಡ್ಯಕ್ಕೆ ಅದರ ಮಾತ್ರೆಗೆ ಓಯ್ತೀನಿ. ಮೊದ್ಲಿಂದ್ಲೂ."

ಅವಳ ಕೈಯಲ್ಲಿದ್ದ ಮೊಟ್ಟೆ ಅಲ್ಲೇ ನಿಂತಿತು. ಎದ್ದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡಳು. ಸೋಪು ಹಾಕಿ ತೊಳೆದುಕೊಂಡಳು. ಚೀಲ ತೆಗೆದುಕೊಂಡು ಹೊರಟುಹೋದಳು.

ಬಾಗಿಲು ಹಾಕಿ ಬೀಗದ ಕೈಯನ್ನು ಮೇಷ್ಟ್ರಿಗೆ ಕೊಟ್ಟು ಬಂದೆ.

ಸೆಪ್ಟೆಂಬರ್ ೨೪, ಬುಧವಾರ

ಅವಳು ಬರಲಿಲ್ಲ. ಫೋನೂ ಇಲ್ಲ. ಊರು ಇನ್ನೂ ಸುಮ್ಮನಿದೆ. ಅಂಗಡಿಗೆ ಹೋದಾಗ ಎಲ್ಲರ ಮುಖ ನೋಡಿದೆ. ಯಾರಿಗೂ ಗೊತ್ತಾದ ಹಾಗೆ ಕಾಣಲಿಲ್ಲ.

ಸೆಪ್ಟೆಂಬರ್ ೨೯, ಸೋಮವಾರ

ಊರಿಗೆ ಸೊಪ್ಪು ತರುವವಳು ಹೇಳಿದಳು, ಮಂಚಮ್ಮ ಬೆಳಿಗ್ಗೆ ಮದ್ದೂರು ಬಸ್ಸು ಹತ್ತಿದಳಂತೆ, ಒಬ್ಬಳೇ. ತಂಗಿ ಹೋದ ಮೇಲೆ ಆ ಕಡೆ ಅವಳಿಗೆ ನೆಂಟರಿಲ್ಲ. ಮಂಡ್ಯದ ಬಿಸಿಯೂಟದ ಸಾಹೇಬರ ಆಫೀಸಿಗೇ ದೂರು ಕೊಡಲು ಹೋಗಿರಬೇಕು. ಹೋಗಲಿ. ನನಗೆ ಎಚ್‌ಐವಿ ಇದೆ, ಕ್ಯಾನ್ಸರ್ ಇಲ್ಲ, ಕೈಯಲ್ಲಿ ಕಸುವಿದೆ. ಈ ಕೆಲಸ ಹೋದರೆ ಇನ್ನೊಂದು ಮಾಡುತ್ತೇನೆ. ಮಂಚಕ್ಕ ಹೋದರೆ ಮಾತ್ರ ಇನ್ನೊಬ್ಬಳನ್ನು ಎಲ್ಲಿಂದ ತರಲಿ?

ಅಕ್ಟೋಬರ್ ೮, ಬುಧವಾರ

ಶಾಲೆ ಶುರುವಾಯಿತು. ಗೇಟಿನ ಹತ್ತಿರ ಯಾರಾದರೂ ನಿಂತಿರುತ್ತಾರೆ ಅಂತ ಗಟ್ಟಿ ಮನಸ್ಸು ಮಾಡಿಕೊಂಡು ಹೋದೆ. ಒಂದು ಮೇಕೆ ನಿಂತಿತ್ತು.

ಮಂಚಕ್ಕ ಆಗಲೇ ಬಂದು ಬೇಳೆ ತೊಳೆಯುತ್ತಿದ್ದಳು. ಮಾತಾಡಲಿಲ್ಲ. ನಾನು ಅಕ್ಕಿ ಆರಿಸಲು ಕೂತೆ. ಅನ್ನ ಆಯಿತು, ಸಾರು ಕುದಿಯಿತು. ಉಪ್ಪು ಹಾಕುವ ಹೊತ್ತಿಗೆ ಸೌಟು ಎತ್ತಿದಳು, ನನ್ನ ಬಟ್ಟಲು ನೋಡಿದಳು, ಸೌಟನ್ನು ಕೆಳಗಿಟ್ಟಳು. ನನ್ನ ಪಾಲು ತೆಗೆಯದೆಯೇ ಉಪ್ಪನ್ನೆಲ್ಲ ಡಬರಿಗೆ ಸುರಿದಳು. ಸರಿ, ಮುಗಿಯಿತು ಅಂದುಕೊಂಡೆ.

ಮಕ್ಕಳು ಎದ್ದು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಬಂದು ಕೂತಳು.

"ಮಂಡ್ಯಕ್ಕೆ ಓಗಿದ್ದೆ. ಆ ಮಂಜುಶ್ರೀ ತಾವ."

"ಯಾಕೆ?"

"ಕೇಳಕ್ಕೆ. ನಿನ್ ವಿಸ್ಯ ಕೇಳಿದ್ರೆ, ಯಾರ ವಿಸ್ಯಾನೂ ಯೋಳಕ್ಕಿಲ್ಲ ಅಂದ್ಬುಟ್ಳು. ಗಟ್ಟಿಗಿತ್ತಿ ಕಣಮ್ಮಿ ಅವ್ಳು. ಆಮ್ಯಾಕೆ ಎಸ್ರು ಎತ್ತದಂಗೆ ಕೇಳ್ದೆ. ಅದಿರೋರು ಅಡ್ಗೆ ಮಾಡಿದ್ರೆ ಮಕ್ಳಿಗೆ ಬತ್ತದಾ ಅಂತ. ಬರಕ್ಕಿಲ್ಲ ಅಂದ್ಳು. ಒಂದೇ ತಟ್ಟೇಲಿ ಜೊತೇಲಿ ತಿಂದ್ರೆ? ಬರಕ್ಕಿಲ್ಲ. ಡಾಕ್ಟ್ರ ಕೈಲೂ ಯೋಳ್ಸು ಅಂದೆ. ಇಬ್ರು ಡಾಕ್ಟ್ರ ಕೈಲಿ ಯೋಳ್ಸಿದ್ಳು."

"ಮತ್ತೆ ಅವತ್ತು ಎದ್ದೋದ್ಯಲ್ಲ?" ಅಂದೆ.

"ಅವತ್ತು ಕೈ ತೊಳ್ಕೊಂಡೆ. ಎದ್ರಿಕೆ ಆಯ್ತು ಕಣಮ್ಮಿ, ಸುಳ್ಯಾಕೆ ಯೋಳ್ಲಿ? ಮನೇಗೋದ್ರೂ ತಂಗಿ ಗ್ಯಾಪ್ಕವೇ. ಅವ್ಳೂ ಯಾರ್ಗೂ ಯೋಳ್ನಿಲ್ಲ. ನೀನಾದ್ರೂ ಯೋಳ್ದೆ." ಸೆರಗು ಸರಿ ಮಾಡಿಕೊಂಡು ಅಂದಳು: "ಅಂಗೇ ನಂದೂ ನೋಡ್ಬುಡವ್ವ ಅಂದೆ. ಆ ಡಾಕ್ಟ್ರಮ್ಮನ ತಾವ ಕರ್ಕೊಂಡೋದ್ಳು. ಗೋಬಿ ವಾಸ್ನೆ ಅಂದ್ಯಲ್ಲ, ಸರಿಯಾಗೇ ಯೋಳಿದ್ದೆ. ಬೆಳ್ಳುಗ್ ಆಗ್ನಿಲ್ಲ. ನಂದು ಅಕ್ಕಿ."

ಇಬ್ಬರೂ ನಕ್ಕೆವು. ನನಗೆ ಕಣ್ಣೀರೂ ಬಂತು. ಇದ್ದಕ್ಕಿದ್ದಂತೆ ಅವಳ ಮುಖ ಗಂಟಾಯಿತು.

"ಒಂದ್ ಕೇಳ್ತೀನಿ, ಸುಳ್ಳು ಯೋಳ್ಬೇಡ. ಬೀಪಿ ಯಾವತ್ತೂ ಇರ್ನಿಲ್ವಾ?"

"ಇರ್ನಿಲ್ಲ."

"ಏಳ್ ವರ್ಸ ಸಪ್ಪೆ ಸಾರು ತಿಂದ್ಯಾ? ಸುಮ್ಸುಮ್ಕೆ?"

"ನೀನು ಎತ್ತಿಡ್ತಿದ್ದೆ, ತಿಂದೆ."

"ಥೂ ನಿನ್ನ!" ಎಂದು ಎದ್ದಳು. ಅವಳು ಇಷ್ಟು ಸಿಟ್ಟಾದದ್ದನ್ನು ನಾನು ನೋಡಿಯೇ ಇರಲಿಲ್ಲ. ಎಚ್‌ಐವಿ ಅಂದಾಗಲೂ ಇಷ್ಟು ಸಿಟ್ಟಾಗಿರಲಿಲ್ಲ. ನನ್ನ ಬಟ್ಟಲು ಎಳೆದುಕೊಂಡು ಅನ್ನ ಹಾಕಿ, ಡಬರಿಯ ತಳದಿಂದ ಗಟ್ಟಿ ಸಾರು ತೋಡಿ ಸುರಿದಳು. ಸಾಲದು ಅಂತ ಮೇಲೆ ಇನ್ನೂ ಒಂದು ಚಿಟಿಕೆ ಉಪ್ಪು ಉದುರಿಸಿ ತನ್ನ ಕೈಯಿಂದಲೇ ಕಲಸಿದಳು. ಮೊದಲ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡು ರುಚಿ ನೋಡಿದಳು. ಬಟ್ಟಲನ್ನು ನನ್ನ ಕಡೆ ತಳ್ಳಿದಳು.

"ಈಗ ಸರೀಗದೆ. ತಿನ್ನು."

ಉಪ್ಪು ಜಾಸ್ತಿಯಾಗಿತ್ತು. ಅವಳಿಗೆ ಹೇಳಲಿಲ್ಲ. ಎಲ್ಲ ತಿಂದು ಇನ್ನೊಂದು ಸೌಟು ಹಾಕಿಸಿಕೊಂಡೆ.